ಆರನೆಯ ಕಂತು

ಜೂನ್ ೪

ಪ್ರೀತಿಯ ತಂಗೀ,

ನಿನ್ನ ಕಾಗದ ನಿನ್ನೆ ಕೈಸೇರಿತು. ಕೈಯಲ್ಲೇ ಫೋನ್ ಇರುವಾಗ ಈ ಅಕ್ಕತಂಗಿಯರಿಗೆ ಕಾಗದದ ಹುಚ್ಚೇಕೆ ಎಂದು ನಮ್ಮ ಆಫೀಸಿನವರು ಮತ್ತೆ ನಕ್ಕರು. ಫೋನಿನಲ್ಲಿ ನಾವಿಬ್ಬರೂ ಐದನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ, ಕಾಗದದಲ್ಲಾದರೆ ಒಬ್ಬಳು ಮುಗಿಸುವ ತನಕ ಇನ್ನೊಬ್ಬಳು ನಡುವೆ ಬಾಯಿ ಹಾಕುವಂತಿಲ್ಲ, ಅದಕ್ಕೇ ಎಂದೆ.

ನಿನ್ನ ಮಗಳಿಗೆ, ನಮ್ಮ ಸೂಜಿಗೆ, ಹದಿನಾಲ್ಕು ತುಂಬಿತೇ? ತೊಟ್ಟಿಲಲ್ಲಿ ಮಲಗಿಕೊಂಡೇ ಬಂದವರನ್ನೆಲ್ಲ ಚುಚ್ಚಿ ನೋಡುತ್ತಿದ್ದಳು, ಅದಕ್ಕೆ ಆ ಹೆಸರಿಟ್ಟವಳು ನಾನೇ. ಈಗ ಮೂರು ಹೊತ್ತೂ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾಳೆ, ಕೇಳಿದ್ದಕ್ಕೆ 'ಹೂಂ', 'ಉಹೂಂ' ಬಿಟ್ಟು ಮಾತಿಲ್ಲ ಎಂದು ಬರೆದಿದ್ದೀಯ. ಆ ವಯಸ್ಸೇ ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇನ್ನು 'ತಕ್ಕಡಿ ಸಾಹೇಬ' ಸೀರೀಸಿನ ವಿಷಯ. ಕ್ಲಾಸಿನವರೆಲ್ಲ ನೋಡುತ್ತಿದ್ದಾರೆ, ಇವಳೊಬ್ಬಳೇ ಬಾಕಿ, ಮೊದಲ ಕಂತಿನಲ್ಲೇ ಹೆಣ ಬೀಳುತ್ತದಂತೆ, ಬಿಡಲೋ ಬೇಡವೋ ಎಂದು ಕೇಳಿದ್ದೀಯ. ಇಂಥ ಪ್ರಶ್ನೆಗೆ ಉತ್ತರ ಹೇಳುವುದೇ ಒಂಬತ್ತು ವರ್ಷದಿಂದ ನನ್ನ ಅನ್ನದ ದಾರಿ. ಪೋಷಕರ ಮಾಸಿಕದಲ್ಲಿ ತಿಂಗಳಿಗೆ ನಾಲ್ಕು ಕಾರ್ಯಕ್ರಮಕ್ಕೆ ವಯಸ್ಸಿನ ಮುದ್ರೆ ಒತ್ತುವವಳ ತಂಗಿಯಾಗಿ ನೀನು ಹೆದರುವುದುಂಟೇ?

ಸಾಹೇಬರೆಂದರೆ ತೂಕ-ಅಳತೆ ಇಲಾಖೆಯಿಂದ ನಿವೃತ್ತರಾಗಿ ಸಣ್ಣ ಊರಿನಲ್ಲಿ ಒಂಟಿಯಾಗಿರುವ ಮುದುಕರು. ಅಂಗಡಿಗಳ ತಕ್ಕಡಿಯಲ್ಲಿ ಮೋಸ ಹುಡುಕಿ ಹುಡುಕಿ ಮನುಷ್ಯರ ಮೋಸ ಹುಡುಕುವುದೂ ಚಟವಾಗಿದೆ. ಹೆಣ ಕಾಣುವುದು ಎರಡೇ ಕ್ಷಣ, ಅದೂ ಪಾದ ಮಾತ್ರ. ರಕ್ತವಿಲ್ಲ, ಹೊಲಸು ಮಾತಿಲ್ಲ. ಎರಡನೆಯ ಕಂತಿನಲ್ಲಿ ಬೇಕರಿಯವನ ಸುಳ್ಳನ್ನು ಹಿಟ್ಟಿನ ಚೀಲದ ತೂಕದಿಂದಲೇ ಹಿಡಿಯುತ್ತಾರೆ, ಅದನ್ನಂತೂ ಸೂಜಿ ಎರಡೆರಡು ಸಲ ನೋಡುತ್ತಾಳೆ. ಒಟ್ಟು ಎಂಟು ಕಂತು. ನಾನು ಬರೆದದ್ದನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ: "ಹದಿಮೂರು ದಾಟಿದವರು ನಿಶ್ಚಿಂತೆಯಿಂದ ನೋಡಬಹುದು. ಕಣ್ಣು ತೆರೆದು ನೋಡುವುದನ್ನು ಕಲಿಸುವ ಕಥೆ."

ಧೈರ್ಯವಾಗಿ ಬಿಡು. ಏನಾದರೂ ಆದರೆ ನನ್ನನ್ನು ಕೇಳು.

ನಿನ್ನ ಅಕ್ಕ


ಜೂನ್ ೨೧

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ನಮ್ಮ ಮನೆಯಲ್ಲಿ ಮಾತು ಹುಟ್ಟಿದೆ.

ಎರಡೂವರೆಗೆ ಶಾಲೆ ಬಿಟ್ಟು ಬಂದ ಮೇಲೆ, ಸಂಜೆ ದಿನಕ್ಕೊಂದೇ ಎಪಿಸೋಡ್ ಎಂದು ಕರಾರು. ನೋಡಿ ಮುಗಿಸಿ ನೇರ ಅಡುಗೆಮನೆಗೆ ಬರುತ್ತಾಳೆ. ನಾನು ತರಕಾರಿ ಹೆಚ್ಚುತ್ತಿರುವಾಗ ಕಟ್ಟೆಯ ಮೇಲೆ ಕೂತು ಸಾಹೇಬರು ಹೀಗೆ ಹಿಡಿದರು, ಹಾಗೆ ಹಿಡಿದರು ಎಂದು ಕಥೆ ಹೇಳುತ್ತಾಳೆ. ಅರ್ಧ ನನಗೆ ತಿಳಿಯುವುದಿಲ್ಲ, ಆದರೂ ಹೂಂಗುಟ್ಟುತ್ತೇನೆ. ವರ್ಷದ ಮೇಲಾಗಿತ್ತು ಅಕ್ಕ, ಅವಳು ತಾನಾಗಿ ಬಂದು ನನ್ನ ಹತ್ತಿರ ಕೂತು. ಇವರು ಬಸ್ಸಿನ ಡ್ಯೂಟಿ ಮುಗಿಸಿ ವಾರಕ್ಕೆರಡು ದಿನ ಮನೆಗೆ ಬರುತ್ತಾರಲ್ಲ, ಮೊನ್ನೆ ಬಂದವರು ನಮ್ಮಿಬ್ಬರ ನಗು ಕೇಳಿ ಬೇರೆ ಮನೆಗೆ ಬಂದೆನೇನೋ ಅಂದುಕೊಂಡೆ ಎಂದರು.

ಈಗ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಬೀದಿಯಲ್ಲಿ ಯಾರು ಯಾವಾಗ ಬಂದರು, ಹೋದರು, ಎಲ್ಲ ಅದರಲ್ಲಿ. ಮೇಲಿನ ಮನೆಯ ಪೇಪರ್ ಕಾಣೆಯಾಗುತ್ತಿತ್ತಲ್ಲ, ಅದನ್ನು ಒಯ್ಯುತ್ತಿದ್ದವರು ಅದೇ ಮನೆಯ ಯಜಮಾನರೇ ಎಂದು ಪತ್ತೆ ಹಚ್ಚಿದಳು. ಹೆಂಡತಿ ಓದುವ ಮೊದಲು ಪದಬಂಧ ತುಂಬಲು ಬೆಳಿಗ್ಗೆಯೇ ಎತ್ತಿಟ್ಟುಕೊಳ್ಳುತ್ತಿದ್ದರಂತೆ. ನಮ್ಮ ಮೆಡಿಕಲ್ ಶಾಪಿನ ಮಾಲೀಕರು ತಿಂಗಳ ಎರಡನೇ ಸೋಮವಾರ ತಲೆಗೆ ಬಣ್ಣ ಹಚ್ಚುತ್ತಾರೆ ಎಂಬುದೂ ದಾಖಲಾಗಿದೆ. ನಾನು ಹತ್ತು ವರ್ಷದಿಂದ ಅದೇ ಕೌಂಟರಿನಲ್ಲಿ ನಿಂತು ಡಾಕ್ಟರುಗಳ ಕೋಳಿಕಾಲು ಬರಹ ಓದಿದ್ದೇನೆ, ಮಾಲೀಕರ ತಲೆ ಓದಿರಲಿಲ್ಲ.

ನಮ್ಮ ಅಂಗಡಿಯೆದುರಿನ ಫೋಟೋ ಸ್ಟುಡಿಯೋದವರ ಮೇಲೂ ಒಂದು ಕಣ್ಣಿಟ್ಟಿದ್ದಾಳೆ. ಅವರು ದಿನಾ ಮೂರು ಗಂಟೆಗೆ ಅಂಗಡಿ ಹಾಕಿ ಹಿಂಬಾಗಿಲಿನಿಂದ ಹೋಗಿ ಅರ್ಧ ಗಂಟೆ ಬಿಟ್ಟು ಬರುತ್ತಾರಂತೆ. "ಇದು ದೊಡ್ಡ ಕೇಸ್ ಅಮ್ಮ" ಎಂದು ಗಂಭೀರವಾಗಿ ಹೇಳಿದಳು. ನನಗೆ ನಕ್ಕು ನಕ್ಕು ಸಾಕಾಯಿತು.

ನಿನ್ನ ಲೇಖನವನ್ನು ಶಾಲೆಯ ಪೋಷಕರ ಗ್ರೂಪಿನಲ್ಲಿ ಹಾಕಿದ್ದೆ. ನಿಮ್ಮ ಅಕ್ಕನವರೇ ಬರೆದದ್ದೇ ಎಂದು ಎಷ್ಟೋ ಜನ ಕೇಳಿದರು. ಈಗ ಮಕ್ಕಳಿಗೆ ಏನು ತೋರಿಸಬೇಕೆಂದರೂ ನನ್ನನ್ನು ವಿಚಾರಿಸುತ್ತಾರೆ. ಗಾಳಿ ಬಂದಾಗ ತೂರಿಕೋ ಅನ್ನುವ ಹಾಗೆ ನಾನೂ ಸ್ವಲ್ಪ ಜಂಬ ಪಡುತ್ತಿದ್ದೇನೆ.

ನಿನ್ನ ತಂಗಿ


ಜುಲೈ ೧೯

ಅಕ್ಕ,

'ಪ್ರೀತಿಯ' ಎಂದು ಬರೆಯಲು ಕೈ ಏಳುತ್ತಿಲ್ಲ.

ಬುಧವಾರ ಸೂಜಿಯ ಶಾಲೆಯ ಒಬ್ಬ ಹುಡುಗಿ, ಇವಳಿಗಿಂತ ಒಂದು ಕ್ಲಾಸು ಮುಂದಿನವಳು, ಮನೆ ಸೇರಲಿಲ್ಲ. ನಾಲ್ಕು ಗಂಟೆಯಿಂದ ಊರೆಲ್ಲ ಹುಡುಕಾಟ. ಆ ಹುಡುಗಿಯ ಫೋಟೋಗಳು ಸ್ಟುಡಿಯೋದವರ ಡ್ರಾಯರಿನಲ್ಲಿವೆ ಎಂದು ಸೂಜಿ ನೋಡಿದ್ದಳು. ಅವರು ದಿನಾ ಮಧ್ಯಾಹ್ನ ಎಲ್ಲಿಗೋ ಹೋಗುವುದೂ ಅವಳ ಪುಸ್ತಕದಲ್ಲಿತ್ತು. ಮಾತು ಹೇಗೋ ಹಬ್ಬಿತು. ಆರು ಗಂಟೆಯೊಳಗೆ ಸ್ಟುಡಿಯೋ ಮುಂದೆ ಮೂವತ್ತು ನಲವತ್ತು ಜನ. ಪೊಲೀಸರು ಬರುವುದರೊಳಗೆ ಮುಂದಿನ ಗಾಜೆಲ್ಲ ಪುಡಿ. ಯಾರು ತಳ್ಳಿದರೋ, ಅವರು ಗಾಜಿನ ಮೇಲೆಯೇ ಬಿದ್ದರು. ಎಡಗೈಯ ಎರಡು ಬೆರಳುಗಳ ನರ ಕತ್ತರಿಸಿ ಹೋಗಿದೆ.

ಮರುದಿನ ಬೆಳಿಗ್ಗೆ ಹುಡುಗಿ ಅಜ್ಜಿಯ ಕೈ ಹಿಡಿದುಕೊಂಡು ಬಸ್ಸಿಳಿದಳು. ಪರೀಕ್ಷೆಯಲ್ಲಿ ಎರಡು ವಿಷಯ ಹೋಗಿತ್ತಂತೆ, ಅಪ್ಪನಿಗೆ ಹೆದರಿ ಅಜ್ಜಿ ಮನೆಗೆ ಹೋಗಿದ್ದಳು. ಅಜ್ಜಿಯ ಫೋನ್ ಕೆಟ್ಟಿತ್ತು. ಇಷ್ಟೇ.

ಈಗ ಬೀದಿಯಲ್ಲಿ ಎಲ್ಲರ ಬಾಯಲ್ಲೂ 'ಆ ಪತ್ತೇದಾರಿ ಹುಡುಗಿ'. ಗಾಜು ಒಡೆದವರು ಯಾರೂ ಇಲ್ಲ, ಮಾತು ಹೇಳಿದವಳು ಮಾತ್ರ ಇದ್ದಾಳೆ. ನಾನು ಅಂಗಡಿಯಲ್ಲಿ ತಲೆ ಎತ್ತಿದರೆ ಎದುರಿಗೆ ಎಳೆದ ಶಟರ್.

ನಿಶ್ಚಿಂತೆಯಿಂದ ನೋಡಬಹುದು ಎಂದೆಯಲ್ಲ, ಅಕ್ಕ. ನೀನು ಹೇಳಿದೆಯೆಂದು ನಾನು ಬಿಟ್ಟೆ. ಮಕ್ಕಳನ್ನು ಸಾಕಿದವಳಾಗಿದ್ದರೆ ನಿನಗೆ ಗೊತ್ತಿರುತ್ತಿತ್ತು, ಮಕ್ಕಳು ನೋಡಿದ್ದನ್ನು ನೋಡಿ ಸುಮ್ಮನಿರುವುದಿಲ್ಲ, ಮಾಡುತ್ತಾರೆ. ಇನ್ನೊಬ್ಬರ ಮಕ್ಕಳಿಗೆ ವಯಸ್ಸಿನ ಮುದ್ರೆ ಒತ್ತುವುದು ಸುಲಭ.


ಜುಲೈ ೨೪

ತಂಗೀ,

ನಿನ್ನ ಕಾಗದದ ಕೊನೆಯ ಸಾಲುಗಳನ್ನು ನಾನು ಓದಲಿಲ್ಲ ಎಂದೇ ಇಟ್ಟುಕೊ. ನಿನಗೆ ಸಿಟ್ಟು ಬರಬೇಕಾದದ್ದೇ.

ನಾನು ಕೈಕಟ್ಟಿ ಕೂತಿಲ್ಲ. ಸಂಪಾದಕರ ಹತ್ತಿರ ಮಾತಾಡಿ ಆಗಸ್ಟ್ ಸಂಚಿಕೆಗೆ ಹೊಸ ಲೇಖನ ಕೊಟ್ಟಿದ್ದೇನೆ. ಊರು, ಹೆಸರು ಯಾವುದೂ ಇಲ್ಲ. ಸಣ್ಣ ಊರಿನ ಅಕ್ಕಪಕ್ಕದವರನ್ನೆಲ್ಲ ಕಳ್ಳರಂತೆ ನೋಡಲು ಈ ಸೀರೀಸ್ ಕಲಿಸುತ್ತದೆ, ಅನುಮಾನವನ್ನೇ ಬುದ್ಧಿವಂತಿಕೆಯೆಂದು ತೋರಿಸುತ್ತದೆ, ತಪ್ಪು ಹೊರಿಸಿದರೆ ಏನಾಗುತ್ತದೆಂದು ಎಲ್ಲಿಯೂ ಹೇಳುವುದಿಲ್ಲ ಎಂದು ಕಟುವಾಗಿಯೇ ಬರೆದಿದ್ದೇನೆ. ಹದಿನೆಂಟರ ಕೆಳಗಿನವರಿಗೆ ಬೇಡವೇ ಬೇಡ ಎಂದು ಮುದ್ರೆ ಬದಲಿಸಿದ್ದೇನೆ. ಹಿಂದಿನ ಅಭಿಪ್ರಾಯ ಅವಸರದ್ದಾಗಿತ್ತು ಎಂದೂ ಒಪ್ಪಿಕೊಂಡಿದ್ದೇನೆ. ಒಂಬತ್ತು ವರ್ಷದಲ್ಲಿ ಮೊದಲ ಸಲ.

ಸೂಜಿಯಿಂದ ಆ ನೋಟ್‌ಬುಕ್ ತೆಗೆದುಕೊಂಡುಬಿಡು. ಸ್ಟುಡಿಯೋದವರಿಗೆ ಅವಳ ಕೈಯಲ್ಲೇ ಕ್ಷಮಾಪಣೆಯ ಕಾಗದ ಬರೆಸು. ಈ ವಯಸ್ಸಿನಲ್ಲಿ ತಪ್ಪಿಗೆ ತಲೆಬಾಗಲು ಕಲಿಯದಿದ್ದರೆ ಮುಂದೆ ಕಷ್ಟ.

ಅಕ್ಕ


ಆಗಸ್ಟ್ ೩

ಅಕ್ಕನಿಗೆ,

ಸಂಚಿಕೆ ಬಂತು. ನಾನು ಏನೋ ಬರೆದೆ, ನೀನು ದೊಡ್ಡ ಮನಸ್ಸು ಮಾಡಿದೆ. ನಿನ್ನ ಲೇಖನವನ್ನು ಮುಖ್ಯೋಪಾಧ್ಯಾಯಿನಿಯವರು ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ. ಎಲ್ಲರಿಗೂ ಒಂದು ಥರ ಸಮಾಧಾನವಾಗಿದೆ. ತಪ್ಪು ಆ ಸೀರೀಸಿನದು, ಮಗು ಏನು ಮಾಡೀತು ಎಂದು ನನಗೇ ಬಂದು ಹೇಳುತ್ತಾರೆ. ಗಾಜು ಒಡೆದಾಗ ಅಲ್ಲೇ ನಿಂತಿದ್ದವರೂ ಹೇಳುತ್ತಾರೆ.

ಸೂಜಿಯದೇ ಚಿಂತೆ. ಕ್ಷಮಾಪಣೆಯ ಕಾಗದ ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಮೂರು ದಿನ ಹೇಳಿದೆ, ಗದರಿದೆ, ಬೇಡಿಕೊಂಡೆ. ನಾನೇ ಬರೆದು ಕೊಡುತ್ತೇನೆ, ನಕಲು ಮಾಡು ಎಂದರೂ ಇಲ್ಲ. ನನ್ನ ಮುಖವನ್ನೇ ನೋಡುತ್ತಾಳೆ, ಅಷ್ಟೇ. ಆ ನೋಟ ತಡೆಯಲಿಕ್ಕಾಗುವುದಿಲ್ಲ. ನೋಟ್‌ಬುಕ್ಕನ್ನು ತಾನೇ ತಂದು ನನ್ನ ಕೈಗಿಟ್ಟಳು. ತಟ್ಟೆ ತೆಗೆದುಕೊಂಡು ಕೋಣೆಗೆ ಹೋಗಿ ಊಟ ಮಾಡುತ್ತಾಳೆ. ಶಾಲೆಯಲ್ಲಿ ಇವಳ ಪಕ್ಕ ಯಾರೂ ಕೂರುತ್ತಿಲ್ಲ ಎಂದು ಬೇರೆಯವರಿಂದ ತಿಳಿಯಿತು. ಸ್ಟುಡಿಯೋದವರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರಂತೆ. ಅಂಗಡಿ ತೆಗೆದಿಲ್ಲ.

ಇಷ್ಟು ಹಟ ಅವಳಿಗೆ ಎಲ್ಲಿಂದ ಬಂತೋ.

ನಿನ್ನ ತಂಗಿ


ಆಗಸ್ಟ್ ೧೧

ದೊಡ್ಡಮ್ಮನಿಗೆ,

ನಾನು ಸೂಜಿ. ನಿಮ್ಮ ವಿಳಾಸ ಅಮ್ಮನ ಹತ್ತಿರ ಇದ್ದ ಕವರಿನ ಹಿಂದೆ ಸಿಕ್ಕಿತು. ನಾನು ಬರೆದಿದ್ದು ಅಮ್ಮನಿಗೆ ಗೊತ್ತಿಲ್ಲ.

ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು. ನೀವು ಆರನೇ ಎಪಿಸೋಡ್ ನೋಡಿದ್ದೀರಾ? ಬೋರ್ಡಿನಲ್ಲಿರುವ ನಿಮ್ಮ ಲೇಖನ ಮೂರು ಸಲ ಓದಿದೆ. ತಪ್ಪು ಹೊರಿಸಿದರೆ ಏನಾಗುತ್ತೆ ಅಂತ ಎಲ್ಲಿಯೂ ಹೇಳಲ್ಲ ಅಂತ ಬರೆದಿದ್ದೀರಿ. ಆರನೇ ಎಪಿಸೋಡ್ ಪೂರ್ತಿ ಇರೋದೇ ಅದು. ಕ್ಲಾಸಿನಲ್ಲಿ ನಾನು ಅದನ್ನು ಹೇಳಿದ್ದಕ್ಕೆ, ನಿಮ್ಮ ದೊಡ್ಡಮ್ಮನಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂದರು. ನನಗೇನಾದರೂ ತಪ್ಪು ನೆನಪಿದೆಯಾ ಅಂತ ಅನುಮಾನ ಬಂತು. ಮತ್ತೆ ನೋಡೋಣ ಅಂದರೆ ಅಮ್ಮ ಟಿವಿ ತೆಗೆದಿಟ್ಟಿದ್ದಾರೆ.

ಇನ್ನೊಂದು. ನಾನು ಸ್ಟುಡಿಯೋ ಅಂಕಲ್ ಮೇಲೆ ಏನೂ ಹೇಳಿರಲಿಲ್ಲ. ಅವರು ಮೂರು ಗಂಟೆಗೆ ಹೋಗೋದು ಅವರ ಅಮ್ಮನ ಕಣ್ಣಿಗೆ ಔಷಧಿ ಹಾಕೋಕೆ. ಅದು ನನಗೆ ಜೂನ್‌ನಲ್ಲೇ ಗೊತ್ತಾಗಿ ಆ ಕೇಸ್ ಹೊಡೆದು ಹಾಕಿದ್ದೆ. ಆ ಡ್ರಾಪ್ಸ್ ಅವರು ತಗೊಳ್ಳೋದು ಅಮ್ಮನ ಅಂಗಡಿಯಲ್ಲೇ. ಕಾಣೆಯಾಗಿದ್ದ ಹುಡುಗಿ ಫೋಟೋಗಳು ಪರೀಕ್ಷೆ ಅರ್ಜಿಗೆ ತೆಗೆಸಿದ್ದು. ನಾನು ನನ್ನ ಫೋಟೋ ತರೋಕೆ ಹೋದಾಗ ಡ್ರಾಯರ್ ತೆಗೆದರು, ಅವಳ ಕವರ್ ಮೇಲೇ ಇತ್ತು. ನನ್ನದೂ ಅದರಲ್ಲೇ ಇತ್ತು. ಅವತ್ತು ಅವಳು ಕಾಣ್ತಿಲ್ಲ ಅಂದಾಗ ನಾನು ಅಂಗಡಿಗೆ ಓಡಿ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಸೋಮವಾರ ಸ್ಟುಡಿಯೋಗೆ ಹೋಗಿದ್ದಾಳೆ, ಫೋಟೋ ಇನ್ನೂ ತಗೊಂಡಿಲ್ಲ, ಯಾವತ್ತು ಬರ್ತೀನಿ ಅಂದಿದ್ದಳು ಅಂತ ಅಂಕಲ್‌ನ ಕೇಳಿದರೆ ಏನಾದರೂ ಗೊತ್ತಾಗಬಹುದು ಅಂತ. ಸಾಕ್ಷಿ ಅಂತ ಹೇಳಿದೆ ದೊಡ್ಡಮ್ಮ. ಕಳ್ಳ ಅಂತ ಅಲ್ಲ. ಹೇಳಿದ್ದು ಅಮ್ಮನಿಗೆ ಮಾತ್ರ.

ಅಮ್ಮನ ಬಗ್ಗೆ ಯಾರಿಗೂ ಹೇಳಬೇಡಿ. ನಾನೂ ಹೇಳಿಲ್ಲ. ನನಗೆ ಬೇಕಾಗಿದ್ದು ಆರನೇ ಎಪಿಸೋಡ್ ವಿಷಯ ಮಾತ್ರ.

ಇಂತಿ,
ಸೂಜಿ


ಆಗಸ್ಟ್ ೧೬

ತಂಗೀ,

ಇದನ್ನು ಬರೆಯಲು ನಾಲ್ಕು ಹಾಳೆ ಹರಿದೆ. ಇದು ಐದನೆಯದು.

ನಾನು 'ತಕ್ಕಡಿ ಸಾಹೇಬ' ನೋಡಿರಲಿಲ್ಲ. ಮೊದಲ ಎರಡು ಕಂತು ನೋಡಿದ್ದೆ. ಮಿಕ್ಕದ್ದಕ್ಕೆ ಸೀರೀಸ್ ಮಾಡಿದ ಕಂಪನಿಯವರು ಕಳಿಸುವ ಎರಡು ಪುಟದ ಸಾರಾಂಶ ಓದಿದೆ. ಅದರಲ್ಲಿ ಆರನೆಯ ಕಂತಿಗೆ ಒಂದೇ ಸಾಲು: 'ಸಾಹೇಬರಿಗೆ ಹೊಸ ಸವಾಲು'. ಅಷ್ಟರ ಮೇಲೆ ನಿಶ್ಚಿಂತೆಯಿಂದ ನೋಡಬಹುದು ಎಂದು ಬರೆದೆ. ಈ ಸೀರೀಸಿಗೆ ಮಾತ್ರವಲ್ಲ, ಮೂರು ನಾಲ್ಕು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ. ಮೊದಮೊದಲು ಎಲ್ಲವನ್ನೂ ಕೂತು ನೋಡುತ್ತಿದ್ದೆ. ಆಮೇಲೆ ಬೇಸರ ಬಂತು. ಯಾರೂ ಕೇಳಲಿಲ್ಲ, ನಡೆದುಹೋಯಿತು.

ಇದಕ್ಕಿಂತ ನಾಚಿಕೆಯದು ಮುಂದೆ ಇದೆ. ನಿನ್ನ ಸಿಟ್ಟಿನ ಕಾಗದ ಬಂದ ದಿನವಾದರೂ ನಾನು ಕೂತು ನೋಡಬೇಕಿತ್ತು. ನೋಡಲಿಲ್ಲ. ಬೈಯಲಿಕ್ಕೆ ನೋಡುವ ಅಗತ್ಯವೇ ಕಾಣಲಿಲ್ಲ. ಹೊಗಳಿದ್ದೂ ನೋಡದೆ, ತೆಗಳಿದ್ದೂ ನೋಡದೆ. ಆ ಎರಡನೆಯ ಲೇಖನ ಬರೆಯುವಾಗ ನಾನು ಬಹಳ ಪ್ರಾಮಾಣಿಕಳು ಎಂದು ಕಣ್ಣಲ್ಲಿ ನೀರೂ ಬಂದಿತ್ತು ನನಗೆ.

ಮೊನ್ನೆ ರಜೆ ಹಾಕಿ, ನಿನ್ನೆಯೂ ಕೂತು ಎಂಟೂ ಕಂತು ನೋಡಿದೆ. ನಾಲ್ಕನೆಯದರಲ್ಲಿ ಸಾಹೇಬರು ಗಿರಣಿಯ ಕಾವಲುಗಾರನನ್ನು ಕಳ್ಳನೆಂದು ಹೆಸರಿಸುತ್ತಾರೆ. ಊರು ಚಪ್ಪಾಳೆ ತಟ್ಟುತ್ತದೆ. ಐದನೆಯದರಲ್ಲಿ ಆ ಕಾವಲುಗಾರನ ಮಗಳನ್ನು ಶಾಲೆಯಲ್ಲಿ ಹುಡುಗಿಯರೆಲ್ಲ ಸೇರಿ ಹೊಡೆಯುತ್ತಾರೆ, ನಾನು ಅಲ್ಲಿ ಎದ್ದು ಹೋಗಿ ನೀರು ಕುಡಿದು ಬಂದೆ. ಮಕ್ಕಳು ಅದನ್ನು ಒಬ್ಬರೇ ನೋಡಬಾರದು, ದೊಡ್ಡವರು ಪಕ್ಕದಲ್ಲಿರಬೇಕು ಎಂದು ಬರೆಯುವುದು ನನ್ನ ಕೆಲಸವಾಗಿತ್ತು. ಆರನೆಯದರಲ್ಲಿ ಅವನು ಕಳ್ಳನಲ್ಲವೆಂದು ಸಾಹೇಬರಿಗೆ ತಿಳಿಯುತ್ತದೆ. ಆ ಕಂತಿನಲ್ಲಿ ಪತ್ತೇದಾರಿಕೆಯೇ ಇಲ್ಲ. ತಾವು ಎಲ್ಲೆಲ್ಲಿ ಆ ಮಾತು ಆಡಿದ್ದರೋ ಆ ಒಂದೊಂದು ಅಂಗಡಿಗೂ ನಡೆದುಹೋಗಿ, ನಾನು ಹೇಳಿದ್ದು ತಪ್ಪು ಎಂದು ಹೇಳುತ್ತಾ ಬರುತ್ತಾರೆ. ಸಂಗೀತವಿಲ್ಲ. ಕೆಲವರು ನಗುತ್ತಾರೆ, ಕೆಲವರು ಹೋಗಲಿ ಬಿಡಿ ಎನ್ನುತ್ತಾರೆ. ಕೊನೆಗೆ ಕಾವಲುಗಾರನ ಮನೆಯ ಬಾಗಿಲು. ಅದು ತೆರೆಯುವುದಿಲ್ಲ.

ಹದಿನಾಲ್ಕರ ಹುಡುಗಿ ಇದನ್ನು ನೋಡಿ ಅರ್ಥ ಮಾಡಿಕೊಂಡಿದ್ದಳು. ಐವತ್ತೊಂದು ವರ್ಷದ ನನಗೆ ನೋಡಲು ಪುರುಸೊತ್ತಾಗಿರಲಿಲ್ಲ.

ಸಂಪಾದಕರಿಗೆ ಎಲ್ಲ ಹೇಳಿದೆ. ಅವರು ನಕ್ಕು, "ಎಲ್ಲಾನೂ ಕೂತು ನೋಡೋರು ಯಾರಮ್ಮಾ? ನೀವೊಬ್ಬರೇ ಅಂತ ಅಂದ್ಕೊಂಡ್ರಾ?" ಎಂದರು. ಇದನ್ನು ಅಚ್ಚು ಹಾಕಿದರೆ ಪತ್ರಿಕೆಯ ಮೇಲೆ ನಂಬಿಕೆ ಹೋಗುತ್ತದೆ, ಸುಮ್ಮನಿರಿ ಎಂದರು. ನಾನು ಒಪ್ಪಲಿಲ್ಲ. ಗಂಟೆಗಟ್ಟಲೆ ಜಗ್ಗಾಟದ ಮೇಲೆ ಮುಂದಿನ ಸಂಚಿಕೆಯಲ್ಲಿ ಕಾಲು ಪುಟ ಕೊಟ್ಟಿದ್ದಾರೆ, ಅದರ ನಂತರ ನನ್ನ ಅಂಕಣ ಇಲ್ಲ. ಪ್ರೂಫ್ ತಿದ್ದುವ ಕೆಲಸ ಉಳಿದಿದೆ. ಅದಕ್ಕಾದರೂ ಪೂರ್ತಿ ಓದಲೇಬೇಕು.

ನಿಮ್ಮ ಮುಖ್ಯೋಪಾಧ್ಯಾಯಿನಿಯವರಿಗೆ ಬೇರೆ ಕಾಗದ ಹಾಕಿದ್ದೇನೆ, ಬೋರ್ಡಿನಿಂದ ಅದನ್ನು ತೆಗೆಯಿರಿ ಎಂದು. ಯಾಕೆಂದೂ ಬರೆದಿದ್ದೇನೆ. ಸೂಜಿಯಿಂದ ಕ್ಷಮಾಪಣೆ ಬರೆಸು ಎಂದು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಮಾತು ಹೇಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ.

ಇದು ನನ್ನ ಪಾಲಿನದು. ಬೇರೆ ಯಾರ ಪಾಲಿನದೂ ನನಗೆ ಗೊತ್ತಿಲ್ಲ, ನಾನು ಕೇಳುವುದೂ ಇಲ್ಲ. ಟಿವಿಯನ್ನು ಮಾತ್ರ ಅವಳಿಗೆ ವಾಪಸ್ ಕೊಡು.

ಅಕ್ಕ


ಸೆಪ್ಟೆಂಬರ್ ೭

ಅಕ್ಕ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. 'ಬೇರೆ ಯಾರ ಪಾಲಿನದೂ ನನಗೆ ಗೊತ್ತಿಲ್ಲ' ಎಂದು ಬರೆದಿದ್ದೀಯಲ್ಲ, ಅಲ್ಲಿಗೇ ನನಗೆ ಗೊತ್ತಾಯಿತು ನಿನಗೆ ಗೊತ್ತೆಂದು. ಹೇಗೆ ಎಂದು ಕೇಳುವುದಿಲ್ಲ.

ಮಾತು ಹೇಗೋ ಹಬ್ಬಿತು ಎಂದು ಬರೆದಿದ್ದೆ. ಹೇಗೋ ಹಬ್ಬಲಿಲ್ಲ. ನಾನು ಹಬ್ಬಿಸಿದೆ.

ಅವತ್ತು ಸೂಜಿ ಓಡಿ ಬಂದು ಏದುಸಿರು ಬಿಡುತ್ತಾ ಹೇಳಿದಳು. ಅವಳು ಹೇಳಿದ್ದು ಒಂದು, ನನ್ನ ಕಿವಿ ಕೇಳಿಸಿಕೊಂಡದ್ದು ಇನ್ನೊಂದು. ಗಿರಾಕಿಗಳ ನಡುವೆಯೇ ಫೋನ್ ತೆಗೆದೆ. ಕೆಮ್ಮಿನ ಔಷಧಿ ಕೇಳಿದವರಿಗೆ ಒಂದು ನಿಮಿಷ ಎಂದೆ. ಪೋಷಕರ ಗ್ರೂಪಿನಲ್ಲಿ ಬರೆದೆ: "ಸ್ಟುಡಿಯೋದವನ ಡ್ರಾಯರಿನಲ್ಲಿ ಆ ಹುಡುಗಿಯ ಫೋಟೋಗಳಿವೆ. ದಿನಾ ಮೂರು ಗಂಟೆಗೆ ಹಿಂಬಾಗಿಲಿನಿಂದ ಎಲ್ಲಿಗೋ ಹೋಗುತ್ತಾನೆ. ನನ್ನ ಮಗಳು ಕಣ್ಣಾರೆ ನೋಡಿದ್ದಾಳೆ." ಅಕ್ಷರ ಅಕ್ಷರವೂ ಹೀಗೇ. ಹತ್ತು ವರ್ಷದಿಂದ 'ಬನ್ನಿ ಸಾರ್' ಎನ್ನುತ್ತಿದ್ದವರನ್ನು 'ಅವನು' ಎಂದು ಬರೆದೆ. ಅವರ ತಾಯಿಯ ಕಣ್ಣಿನ ಔಷಧಿ ತಿಂಗಳಿಗೆರಡು ಸಲ ನನ್ನ ಕೈಯಿಂದಲೇ ಹೋಗುತ್ತದೆ. ಹೊತ್ತು ತಪ್ಪದೆ ಹಾಕಬೇಕು ಎಂದು ಅವರಿಗೆ ಹೇಳಿಕೊಟ್ಟವಳೂ ನಾನೇ. ಬೆರಳು ಒತ್ತುವಾಗ ಅದೊಂದೂ ನೆನಪಾಗಲಿಲ್ಲ.

ಯಾಕೆ ಬರೆದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಆ ಹುಡುಗಿಯ ಮೇಲಿನ ಕನಿಕರವೇ ಇರಬಹುದೆಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ಅಲ್ಲ, ಅಕ್ಕ. ನನ್ನ ಮಗಳು ಎಂಥವಳು ನೋಡಿ ಎಂದು ತೋರಿಸಿಕೊಳ್ಳುವ ಆಸೆ.

ಗಾಜು ಒಡೆದ ಸದ್ದಿಗೆ ಎಲ್ಲರೂ ಹೊರಗೆ ಓಡಿದರು. ನಾನು ಕೌಂಟರಿನ ಹಿಂದೆ ಬಗ್ಗಿ ಕೂತು ಆ ಸಾಲುಗಳನ್ನು ಅಳಿಸಿದೆ. ಅಳಿಸಿದ್ದು ಎಷ್ಟು ಒಳ್ಳೆಯದಾಯಿತು ಗೊತ್ತೇ? ಬರೆದವರು ಯಾರೆಂದು ಜನ ಮರೆತರು, 'ಹುಡುಗಿ ಕಣ್ಣಾರೆ ನೋಡಿದ್ದಾಳಂತೆ' ಎಂಬುದು ಮಾತ್ರ ಉಳಿಯಿತು. ಯಾರೋ ನನ್ನ ಎದುರಿಗೇ ಸೂಜಿಯನ್ನು ಅಂದಾಗ ಮೊದಲ ಸಲ ಬಾಯಿ ತೆರೆಯಲಿಲ್ಲ. ಒಂದು ಸಲ ಸುಮ್ಮನಿದ್ದ ಮೇಲೆ ಎರಡನೆಯ ಸಲ ಬಾಯಿ ಇನ್ನೂ ಭಾರ. ಇವರಿಗೂ ಹೇಳಲಿಲ್ಲ. ಆಮೇಲೆ ನಿನಗೆ ಬೈದು ಕಾಗದ ಬರೆದೆ, ಮಕ್ಕಳಿಲ್ಲದವಳೆಂದು ಚುಚ್ಚಿದೆ. ಆಮೇಲೆ ಅವಳ ಕೈಯಲ್ಲಿ ಕ್ಷಮಾಪಣೆ ಬರೆಸಲು ಕೂತೆ. ಮೂರು ದಿನ, ಅಕ್ಕ. ನಕಲು ಮಾಡು ಎಂದು ನಾನೇ ಬರೆದು ಕೊಟ್ಟ ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಹೋದ ಭಾನುವಾರದ ಹಿಂದಿನ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಸ್ಟುಡಿಯೋದವರ ಮನೆಗೆ ಹೋದೆ. ಒಬ್ಬಳೇ. ಅವರ ಮನೆ ಅಂಗಡಿಯ ಹಿಂದಿನ ಗಲ್ಲಿಯಲ್ಲೇ ಇದೆ, ಎರಡು ಕೋಣೆ. ಬಾಗಿಲು ತೆರೆದವರೇ ಒಳಗೆ ಕರೆದರು, ಏನೋ ಔಷಧಿಯ ವಿಷಯ ಹೇಳಲು ಬಂದೆನೆಂದುಕೊಂಡಿರಬೇಕು. ತಾಯಿ ಕಿಟಕಿಯ ಹತ್ತಿರ ಕೂತಿದ್ದರು. ಸ್ಟುಡಿಯೋದವರ ಎಡಗೈಯ ಎರಡು ಬೆರಳು ಮಡಚಿದ ಹಾಗೆಯೇ ನಿಂತಿವೆ. ನಾನು ಕೂರಲಿಲ್ಲ. ನಿಂತೇ ಹೇಳಿದೆ, ಗ್ರೂಪಿನಲ್ಲಿ ಬರೆದವಳು ನಾನು, ನನ್ನ ಮಗಳಲ್ಲ, ಅವಳು ನಿಮ್ಮನ್ನು ಕೇಳಿ ನೋಡು ಎಂದಿದ್ದಳು ಅಷ್ಟೇ ಎಂದು.

ತಾಯಿ "ಯಾರು ಬಂದಿರೋದು?" ಎಂದು ಕೇಳಿದರು. "ಮೆಡಿಕಲ್‌ನವರಮ್ಮ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು.

"ನೀವು ಇಲ್ಲಿ ಬಂದು ಹೇಳಿದ್ರೆ ನನಗೊಬ್ಬನಿಗೆ ಗೊತ್ತಾಗುತ್ತೆ. ನಾನು ಕಳ್ಳ ಅಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಎಲ್ಲಿ ಬರೆದ್ರೋ ಅಲ್ಲಿ ಹೇಳಿ."

ಕ್ಷಮಿಸಿ ಎಂದೆ. ಅವರು ಬಾಗಿಲು ಹಿಡಿದು ನಿಂತಿದ್ದರು.

ಗ್ರೂಪಿನಲ್ಲಿ ಅವತ್ತೇ ಬರೆದೆ. ಇಬ್ಬರು ಓದಿ ಏನೂ ಅನ್ನಲಿಲ್ಲ, ಮೂರನೆಯವರು ಹಳೆಯದನ್ನೆಲ್ಲ ಕೆದಕಬೇಡಿ ಎಂದರು, ಅಷ್ಟರಲ್ಲಿ ಯಾರೋ ಬಸ್ಸಿನ ಸಮಯ ಕೇಳಿದರು, ನನ್ನ ಮಾತು ಮೇಲಕ್ಕೆ ಸರಿದುಹೋಯಿತು. ಇಷ್ಟು ಸಾಲದೆಂದು ನನಗೇ ಗೊತ್ತಾಯಿತು. ಮೊನ್ನೆ ಶನಿವಾರ ಶಾಲೆಯಲ್ಲಿ ಪೋಷಕರ ಸಭೆ ಇತ್ತು, ಮಕ್ಕಳೂ ಬರಬೇಕಿತ್ತು. ಕೊನೆಗೆ ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಎದ್ದು ನಿಂತೆ. ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಅದರಲ್ಲಿ ಕೂತಿದ್ದವರು ತಿರುಗಿ ನೋಡಿದರು. ಬರೆದದ್ದನ್ನು ಅಕ್ಷರಶಃ ಹೇಳಿದೆ. ಅಳಿಸಿದ್ದನ್ನೂ ಹೇಳಿದೆ. ಮಗಳ ಮೇಲೆ ಹೋಗಲಿ ಎಂದು ಸುಮ್ಮನಿದ್ದೆ ಎಂದೂ ಹೇಳಿದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಂದಿನ ಸಾಲಿನಿಂದ ಒಬ್ಬರು, ನಾನೂ ಅವತ್ತು ಸ್ಟುಡಿಯೋ ಮುಂದೆ ಇದ್ದೆ ಎಂದು ಹೇಳಿ ಕೂತರು. ಅಷ್ಟೇ, ಮತ್ತೆ ಯಾರೂ ಏಳಲಿಲ್ಲ. ಹೊರಗೆ ಬಂದಾಗ ನನ್ನ ಹತ್ತಿರ ಯಾರೂ ನಿಲ್ಲಲಿಲ್ಲ. ಇವತ್ತು ಬೆಳಿಗ್ಗೆ ಮಾಲೀಕರು, ಕೆಲವು ದಿನ ಕೌಂಟರ್ ಬೇಡ, ಹಿಂದೆ ಸ್ಟಾಕ್ ನೋಡಿಕೊಳ್ಳಿ ಎಂದರು. ಸ್ಟುಡಿಯೋದ ಶಟರ್ ಇನ್ನೂ ಹಾಕಿಯೇ ಇದೆ. ತೆಗೆಯುತ್ತಾರೋ, ಬೇರೆ ಊರಿಗೆ ಹೋಗುತ್ತಾರೋ ಗೊತ್ತಿಲ್ಲ. ಕೇಳುವ ಮುಖ ನನಗಿಲ್ಲ.

ಸಭೆಯಿಂದ ಮನೆಗೆ ನಾನೂ ಸೂಜಿಯೂ ನಡೆದೇ ಬಂದೆವು. ಪೆಟ್ರೋಲ್ ಬಂಕಿನ ತಿರುವಿನಲ್ಲಿ ಲಾರಿ ಹೋಗಲೆಂದು ನಿಂತಾಗ ನಾನೇ ಕೇಳಿದೆ, ನಿನಗೆ ಎಲ್ಲ ಗೊತ್ತಿತ್ತು, ಎಲ್ಲರೂ ನಿನ್ನನ್ನೇ ಅಂದರು, ಒಂದು ಸಲವಾದರೂ ಯಾಕೆ ಹೇಳಲಿಲ್ಲ ಎಂದು.

ಅವಳು ರಸ್ತೆಯ ಆಚೆ ನೋಡುತ್ತಲೇ ಹೇಳಿದಳು.

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಐವತ್ತೆರಡು ದಿನ, ಅಕ್ಕ. ಮನೆಗೆ ಬಂದು ಕ್ಯಾಲೆಂಡರ್ ಮುಂದೆ ನಿಂತು ಎಣಿಸಿದೆ.

ನಿನ್ನ ತಂಗಿ